ನಾಲ್ಕನೇ ಕಲಮು

ಬೆಳಿಗ್ಗೆ ಐದೂಕಾಲು ಗಂಟೆಗೆ ಬಂದರಿನ ಎರಡನೇ ಗೇಟಿನಲ್ಲಿ ಬೊಗೊರೆಯನ್ನು ಹಿಡಿದರು. ಅವನ ಬಳಿ ಗುರುತಿನ ಕಾರ್ಡು ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಗೇಟಿನಲ್ಲಿ ಒಳಹೋಗಿ ಕಾಫಿ ಮೂಟೆ ಹೊತ್ತವನನ್ನು ಕಾರ್ಡು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಆ ಮಂಗಳವಾರ ಕೇಳಿದರು.

ಅವನ ತಮ್ಮ ಒಬ್ಸಿಯೆ ಅದೇ ಬಂದರಿನಲ್ಲಿ ಮೂಟೆ ಲೆಕ್ಕದ ಗುಮಾಸ್ತ. ಸುದ್ದಿ ತಂದವನು ಮಿಗಿಲ್. ಹಮಾಲರ ಸಂಘದ ಮುಖಂಡ, ಅರವತ್ತು ದಾಟಿದ್ದರೂ ಬೆನ್ನು ಬಾಗದ ಆಳು.

"ನಿಮ್ಮಣ್ಣನ್ನ ಎತ್ತಾಕ್ಕೊಂಡು ಹೋದ್ರು," ಎಂದ. "ಉಪ್ಪಿನ ಬಯಲಲ್ಲಿ ತಂತಿ ಹಾಕಿದಾರಲ್ಲ, ಅದರೊಳಗೆ ಕೂರಿಸಿದಾರೆ. ಇನ್ನೂ ನಲವತ್ತು ಜನ ಇರಬಹುದು."

"ಹೊಡೆದ್ರಾ?"

"ಇಲ್ಲ. ಎಲ್ಲರಿಗಿಂತ ಮೊದಲು ಇವನೇ ಲಾರಿ ಹತ್ತಿ, ಮುದುಕರಿಗೆ ಕೈಕೊಟ್ಟು ಮೇಲೆಳ್ಕೊತಿದ್ದ. ಮೂಟೆ ಹತ್ತಿಸಿದ ಅಭ್ಯಾಸ ನೋಡು."

ಒಬ್ಸಿಯೆಗೆ ಕೋಪ ಬಂತು. ಭಯ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಇಂಥ ದಿನಕ್ಕೆಂದೇ ಅವನು ಹದಿನೈದು ದಿನದ ಹಿಂದೆ ಫ್ರೆಂಚರ ಕಚೇರಿಯ ಮೇಜಿನ ಮುಂದೆ ಕೂತು ಒಪ್ಪಂದಕ್ಕೆ ಒಂದು ಕಲಮು ಬರೆಸಿಕೊಂಡು ಬಂದಿದ್ದ.

ಅದು 1967ರ ಏಪ್ರಿಲ್. ಜಿಬೂತಿ ಫ್ರೆಂಚರ ಕೈಯಲ್ಲಿ ಉಳಿಯಬೇಕೋ ಬೇಡವೋ ಎಂಬ ಮತದಾನ ಮುಗಿದು ತಿಂಗಳಾಗಿತ್ತು. ಉಳಿಯಬೇಕು ಎಂದು ಎಣಿಕೆ ಬಂದಿತ್ತು. ಬೇಡ ಎಂದವರಲ್ಲಿ ಬಹಳ ಮಂದಿ ಒಬ್ಸಿಯೆಯಂಥ ಸೊಮಾಲಿಗಳು. ಎಣಿಕೆಯ ಮರುದಿನ ಅವರ ಕೇರಿಗಳಲ್ಲಿ ಕಲ್ಲು ಬಿತ್ತು, ಗುಂಡು ಹಾರಿತು. ಆಮೇಲೆ ಕಾರ್ಡಿನ ತಪಾಸಣೆ ಶುರುವಾಯಿತು. ಈ ನೆಲದಲ್ಲಿ ಹುಟ್ಟಿದವರು ಫ್ರೆಂಚ್ ಪ್ರಜೆಗಳು, ಉಳಿದವರು ಹೊರಗಿನವರು. ಹೊರಗಿನವರನ್ನು ಲಾರಿಯಲ್ಲಿ ಲೋಯಾದದ ಗಡಿಗೆ ಒಯ್ದು ಆಚೆಯ ಸೊಮಾಲಿಗಳ ದೇಶಕ್ಕೆ ನೂಕುತ್ತಿದ್ದರು. ಊರ ಸುತ್ತ ಮುಳ್ಳುತಂತಿಯ ಬೇಲಿ ಎದ್ದಿತ್ತು. ಹೊರಗೆ ಹೋದವನು ಮತ್ತೆ ಒಳಗೆ ಬರುವುದು ಹಗಲುಗನಸು.

ಹುಟ್ಟಿದ್ದಕ್ಕೆ ಕಾಗದ ತೋರಿಸಿ ಎಂದರೆ ಹಮಾಲರು ಎಲ್ಲಿಂದ ತರಬೇಕು? ಹಲಗೆ ತಗಡಿನ ಮನೆಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು ಅವರು. ಯಾವ ಸರ್ಕಾರವೂ ಬಂದು ಬರೆದುಕೊಂಡಿರಲಿಲ್ಲ. ಒಬ್ಸಿಯೆಯದು ಬೇರೆ ಮಾತು. ಅವನು ಹುಟ್ಟುವಾಗ ತಾಯಿಗೆ ರಕ್ತ ನಿಲ್ಲಲಿಲ್ಲ. ಕ್ರೈಸ್ತ ಸನ್ಯಾಸಿನಿಯರ ದವಾಖಾನೆಗೆ ಹೊತ್ತೊಯ್ದರು. ಅಲ್ಲೊಬ್ಬಳು ಹೆಸರು, ತಾರೀಖು ಬರೆದಿಟ್ಟಳು. ಆ ಒಂದು ಚೀಟಿಯಿಂದ ಅವನಿಗೆ ಶಾಲೆ ಸಿಕ್ಕಿತು, ಗುಮಾಸ್ತಿಕೆ ಸಿಕ್ಕಿತು, ಈಗ ಕಾರ್ಡೂ ಸಿಕ್ಕಿತ್ತು. ಅದೇ ಊರಲ್ಲಿ, ಅದೇ ತಾಯಿಗೆ, ಹತ್ತು ವರ್ಷ ಮೊದಲು ಹುಟ್ಟಿದ ಬೊಗೊರೆಯ ಹೆರಿಗೆ ಸುಸೂತ್ರವಾಗಿ ಆಗಿತ್ತು. ಹಾಗಾಗಿ ಅವನ ಹತ್ತಿರ ಏನೂ ಇರಲಿಲ್ಲ.

ಕಾರ್ಡು ಕೊಡುವ ಕಚೇರಿಯ ಜೊತೆ ಮಾತಾಡಲು ಸಂಘ ಮಿಗಿಲ್, ಒಬ್ಸಿಯೆ ಸೇರಿ ಮೂವರನ್ನು ಕಳಿಸಿತ್ತು. ಫ್ರೆಂಚ್ ಬರುತ್ತಿದ್ದುದು ಒಬ್ಸಿಯೆಗೆ ಮಾತ್ರ. ಎದುರಿಗೆ ಕೂತವನು ವೆರ್ದಿಯೆ ಎಂಬ ಅಧಿಕಾರಿ: ತೆಳ್ಳಗಿನ ಮನುಷ್ಯ, ದನಿ ಏರಿಸುವವನಲ್ಲ. ಸಂಘ ಮೂರು ಸಂಗತಿ ಕೇಳಿತು. ಪ್ರಜೆಯೆಂಬ ಪತ್ರ, ಗುರುತಿನ ಕಾರ್ಡು, ಪಾಸ್‌ಪೋರ್ಟು. ಹಡಗಿನ ಇಂಜಿನ್ ಕೋಣೆಯ ಕೆಲಸಕ್ಕೆ ಹೋಗುವ ಹುಡುಗರು ಪಾಸ್‌ಪೋರ್ಟಿಲ್ಲದೆ ಯಾವ ರೇವಿನಲ್ಲೂ ಇಳಿಯುವಂತಿರಲಿಲ್ಲ. ಮೂರು ದಿನ ಜಗ್ಗಾಟ ನಡೆಯಿತು. ಕೊನೆಗೆ ಒಬ್ಸಿಯೆಯೇ ಹೇಳಿದ:

"ಪಾಸ್‌ಪೋರ್ಟಿನ ಮಾತು ಸದ್ಯಕ್ಕೆ ಬದಿಗಿಡೋಣ. ಕಾಗದ ಇಲ್ಲದವನ ಹುಟ್ಟಿಗೆ ಅವನ ಕುಲದ ಹಿರಿಯನ ಮಾತನ್ನೇ ಪುರಾವೆ ಅಂತ ಒಪ್ಪಿಕೊಳ್ಳಿ. ನಮ್ಮಲ್ಲಿ ಹಿರಿಯರು ಇಪ್ಪತ್ತು ತಲೆಮಾರು ತಪ್ಪಿಲ್ಲದೆ ಹೇಳ್ತಾರೆ. ವಂಶದ ವಿಷಯದಲ್ಲಿ ಸುಳ್ಳು ಹೇಳೋದಿಲ್ಲ."

ವೆರ್ದಿಯೆ ಸ್ವಲ್ಪ ಹೊತ್ತು ಕಿಟಕಿಯತ್ತ ನೋಡಿದ. "ಒಪ್ಪಿದೆ," ಎಂದ. "ನಾಲ್ಕನೇ ಕಲಮಾಗಿ ಸೇರಿಸೋಣ."

ವಿಚಾರಣೆಯಲ್ಲಿ ಮೋಸ ಆಗಬಾರದೆಂದು ಇನ್ನೊಂದು ಷರತ್ತನ್ನೂ ಒಬ್ಸಿಯೆ ಹಾಕಿದ. ಪ್ರತಿ ದಿನದ ತೀರ್ಮಾನದ ಪಟ್ಟಿಗೆ ಸಂಘದ ಪ್ರತಿನಿಧಿಯ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಆ ಪಟ್ಟಿ ಇಡಿಯಾಗಿ ನಿಲ್ಲುವುದಿಲ್ಲ. ಅದಕ್ಕೂ ವೆರ್ದಿಯೆ ಒಪ್ಪಿದ. ಸಹಿ ಹಾಕುವ ಕೆಲಸ ಒಬ್ಸಿಯೆಗೇ ಬಂತು.

ಹೊರಗೆ ಬಂದ ಮೇಲೆ ಮಿಗಿಲ್ ಹೇಳಿದ್ದ: "ಮೀನು ಇಷ್ಟು ಬೇಗ ಕಚ್ಚಿತು ಅಂದ್ರೆ ಗಾಳ ಯಾರ ಕೈಲಿದೆ ಅಂತ ಒಂದ್ಸಲ ನೋಡ್ಕೋಬೇಕಪ್ಪ."

"ನಿಮಗೆ ಕೊಟ್ರೂ ಅನುಮಾನ, ಕೊಡದಿದ್ರೂ ಅನುಮಾನ."

"ನನ್ನ ಸೋದರಳಿಯ ಪಾಸ್‌ಪೋರ್ಟಿಗೆ ಅಂತ ಫೋಟೋ ತೆಗೆಸಿಟ್ಟಿದಾನೆ. ಅವನಿಗೆ ಏನು ಹೇಳ್ಲಿ? ಚೌಕಟ್ಟು ಹಾಕ್ಸಿ ಗೋಡೆಗೆ ನೇತಾಕು ಅನ್ನಲಾ?"

ಆದರೆ ಮೊದಲ ಎರಡು ವಾರದಲ್ಲಿ ಆ ಕಲಮಿನಿಂದ ಕೆಲವರಿಗೆ ಕಾರ್ಡು ಬಂದಿತು. ಕೇರಿಯ ಹೆಂಗಸರು ಅವನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುವಷ್ಟು ದೊಡ್ಡವನಾಗಿಬಿಟ್ಟಿದ್ದ.

ಬೊಗೊರೆಯೂ ಕಾರ್ಡಿನ ಸಾಲಿನಲ್ಲಿ ನಿಲ್ಲಬೇಕಿತ್ತು. ನಾಳೆ ನಾಡಿದ್ದು ಎಂದು ಮುಂದೂಡಿದ್ದ. ದಿನಗೂಲಿಯವನಿಗೆ ಒಂದು ದಿನ ಸಾಲಿನಲ್ಲಿ ನಿಂತರೆ ಆ ದಿನದ ಒಲೆ ಹೊತ್ತುವುದಿಲ್ಲ.

ಮಂಗಳವಾರ ಕೆಲಸ ಮುಗಿಸಿ ಒಬ್ಸಿಯೆ ಅಣ್ಣನ ಮನೆಗೆ ಹೋದ. ಅತ್ತಿಗೆ ಅನಬ್ ಅಂಗಳದಲ್ಲಿ ತವೆಯಿಟ್ಟುಕೊಂಡು ಲಹೋಹ್ ಹುಯ್ಯುತ್ತಿದ್ದಳು. ನಮ್ಮ ದೋಸೆಯಂಥದ್ದೇ, ಒಂದೇ ಮಗ್ಗುಲು ಬೇಯಿಸುವುದು. ಅವಳಿಗೆ ಕಾರ್ಡಿತ್ತು. ಅವಳಪ್ಪ ಫ್ರೆಂಚರ ಪಡೆಯಲ್ಲಿ ಸಿಪಾಯಿಯಾಗಿದ್ದವನು.

"ಗುರುವಾರ ವಿಚಾರಣೆ," ಎಂದ ಒಬ್ಸಿಯೆ. "ವಾಯಿಸಜ್ಜನ್ನ ಕರ್ಕೊಂಡು ಹೋಗ್ತೀನಿ. ಅಜ್ಜ ಹೇಳಿದ್ರೆ ಆಯ್ತು."

"ಆ ಮುದುಕನ್ನಾ?" ಅನಬ್ ಹಿಟ್ಟಿನ ಸೌಟನ್ನು ಪಾತ್ರೆಗೆ ಬಿಟ್ಟಳು. "ಅವನ ಬಾಯಿ ಶುರುವಾದ್ರೆ ಊಟದ ಹೊತ್ತಿಗೂ ನಿಲ್ಲಲ್ಲ. ನಮ್ಮ ಮದುವೇಲಿ ನಮ್ಮಪ್ಪನ ಏಳು ಒಂಟೆ ಕಳ್ಳತನ ಆಗಿದ್ದನ್ನೆಲ್ಲ ಹೇಳಿ ಮುಗಿಸೋಷ್ಟರಲ್ಲಿ ಮಾಂಸ ತಣ್ಣಗಾಗಿತ್ತು."

"ಕುಲದಲ್ಲಿ ಉಳಿದಿರೋ ಹಿರಿಯ ಅವನೊಬ್ಬನೇ ಅತ್ತಿಗೆ. ಅಣ್ಣ ಹುಟ್ಟಿದಾಗ ಇದ್ದವನೂ ಅವನೇ."

"ನೀನು ಹೇಳ್ಕೊಡು ಅವನಿಗೆ. ಇಷ್ಟೇ ಅಂತ ಹೇಳ್ಕೊಡು." ಮತ್ತೆ ಸೌಟು ಎತ್ತಿಕೊಂಡಳು. "ನಿಮ್ಮಣ್ಣ ಆಚೆ ಹೋದ್ರೆ ಅಲ್ಲಿ ಯಾರಿದಾರೆ? ಅವನಿಗೆ ಒಂಟೆ ಹಾಲು ಕರೆಯೋಕೂ ಬರಲ್ಲ. ಈ ಊರು ಬಿಟ್ಟು ಅವನಿಗೆ ಏನು ಗೊತ್ತು?"

ಬುಧವಾರ ಮಧ್ಯಾಹ್ನ, ಜಗಿದರೆ ಹುರುಪೇರುವ ಖಾತ್ ಸೊಪ್ಪು ಪೇಟೆಗೆ ಬಂದ ಹೊತ್ತಿಗೆ, ಒಬ್ಸಿಯೆ ಎರಡು ಕಟ್ಟು ಒಳ್ಳೆಯ ಸೊಪ್ಪು ಹಿಡಿದು ವಾಯಿಸಜ್ಜನ ಮನೆಗೆ ಹೋದ. ಅಜ್ಜ ಈ ಅಣ್ಣತಮ್ಮಂದಿರ ಅಪ್ಪನ ಚಿಕ್ಕಪ್ಪ. ಕಣ್ಣು ಹೋಗಿ ಎಂಟು ವರ್ಷವಾಗಿತ್ತು. ಚಾಪೆಯ ಮೇಲೆ ಮೊಣಕೈಗೆ ದಿಂಬು ಕೊಟ್ಟುಕೊಂಡು ಒರಗಿದ್ದ. ಸೊಪ್ಪಿನ ಕಟ್ಟನ್ನು ಮೂಗಿಗೆ ಹಿಡಿದು ನೋಡಿದ.

"ಬೆಳಿಗ್ಗೆ ಕೊಯ್ದಿದ್ದು. ಏನೋ ದೊಡ್ಡ ಕೆಲಸ ಇದೆ ನಿನಗೆ."

ಒಬ್ಸಿಯೆ ವಿಷಯ ಹೇಳಿದ. ಅಜ್ಜ ಎಲೆ ಕಿತ್ತು ದವಡೆಗೆ ಸೇರಿಸುತ್ತಾ ಕೇಳಿದ.

"ಅಂದ್ರೆ ನಾನು ಹೋಗಿ ಬೊಗೊರೆ ಯಾರು ಅಂತ ಹೇಳಬೇಕು. ಅಷ್ಟೇ ತಾನೆ."

"ಮೂರೇ ಮಾತು ಅಜ್ಜ. ಇವನು ರಿರಾಷೆಯ ಮಗ. ಈ ಊರಲ್ಲೇ ಹುಟ್ಟಿದ. ಹುಟ್ಟಿದಾಗ ನಾನು ಇಲ್ಲೇ ಇದ್ದೆ. ಅಷ್ಟು ಹೇಳಿ ಬಾಯಿ ಮುಚ್ಚಬೇಕು."

"ಮೂರೇ ಮಾತಾ? ಒಂದು ಕುರಿ ಮಾರೋಕೂ ಅದಕ್ಕಿಂತ ಜಾಸ್ತಿ ಮಾತಾಡ್ತೀನಿ."

"ಆಮೇಲೆ ವಂಶ ಕೇಳ್ತಾರೆ. ಹೆಸರು ಮಾತ್ರ ಹೇಳು. ಯಾರ ಗೋರಿ ಎಲ್ಲಿದೆ, ಯಾರು ಯಾವ ಬಾವಿ ತೋಡಿಸಿದ, ಅದು ಬೇಡ."

ಅಜ್ಜ ಜಗಿಯುವುದನ್ನು ನಿಲ್ಲಿಸಿದ. "ಗೋರಿ ಇಲ್ಲದ ಹೆಸರು ಯಾವ ಹೆಸರೋ? ಗಾಳೀಲಿ ಕೂಗಿದ ಹಾಗೆ."

"ಗೋರಿಗಳೆಲ್ಲ ಗಡಿ ಆಚೆ ಸೇಲಾ ಕಡೆ ಇವೆ ಅಜ್ಜ. ಆಚೆಯೋರು ಅಂದುಬಿಡ್ತಾರೆ."

"ಗಡಿ ಗೆರೆ ಎಳೆದೋರು ನಮ್ಮಪ್ಪನ ಹತ್ರ ನೀರು ಕೇಳಿ ಕುಡಿದು ಹೋದ್ರು. ನಾನು ಚಿಕ್ಕವನು, ನೋಡಿದೀನಿ. ಕುಡಿದ ಚೊಂಬು ವಾಪಸ್ ಕೊಡಲಿಲ್ಲ." ಇನ್ನೊಂದು ಎಲೆ ಕಿತ್ತು ಹೇಳಿದ: "ಆಗ್ಲಿ. ಹೆಸರು ಮಾತ್ರ. ನೀನು ನಿಮ್ಮಪ್ಪನ ಮಗ ಅಂತ ಸುಮ್ಮನಿರ್ತೀನಿ."

ಆ ಮಧ್ಯಾಹ್ನವಿಡೀ ಒಬ್ಸಿಯೆ ವೆರ್ದಿಯೆಯಾದ. ದುಭಾಷಿಯಾದ. ಗದರಿಸಿ ಕೇಳಿದ, ನಯವಾಗಿ ಕೇಳಿದ, ತಲೆಕೆಳಗು ಮಾಡಿ ಕೇಳಿದ. ಅಜ್ಜ ಒಂದು ಸಲವೂ ಬಾವಿಯ ಹೆಸರು ಎತ್ತಲಿಲ್ಲ. ಕೊನೆಗೆ ಅಜ್ಜನೇ ಬೇಸತ್ತು, "ಇನ್ನೊಂದ್ಸಲ ಕೇಳಿದ್ರೆ ನೀನು ಯಾರ ಮಗ ಅನ್ನೋದನ್ನೇ ಮರೆತುಬಿಡ್ತೀನಿ ನೋಡು," ಎಂದ.

ಗುರುವಾರ ಬೆಳಿಗ್ಗೆ ಇಬ್ಬರೂ ಉಪ್ಪಿನ ಬಯಲಿಗೆ ಹೋದರು. ವಿಚಾರಣೆ ನಡೆಯುತ್ತಿದ್ದುದು ಹಳೆಯ ಗೋದಾಮೊಂದರಲ್ಲಿ. ತಗಡಿನ ಮಾಡು ಆಗಲೇ ಕಾದಿತ್ತು. ಹೊರಗೆ ನೆರಳಿದ್ದ ಕಡೆ ಹೆಂಗಸರು ಬುತ್ತಿ ಹಿಡಿದು ಕೂತಿದ್ದರು. ತಂತಿಯ ಒಳಗಿನಿಂದ ಬೊಗೊರೆಯನ್ನು ಕರೆತಂದರು. ಎರಡು ದಿನದ ಗಡ್ಡ, ತುಟಿಯಲ್ಲಿ ಉಪ್ಪಿನ ಬಿಳುಪು.

"ಅನಬ್ ಹೇಗಿದಾಳೆ?" ಎಂದ.

"ಸಾರು ಕೊಟ್ಟು ಕಳಿಸಿದಾಳೆ. ಕಾವಲಿನವನ ಹತ್ರ ಇದೆ."

"ಹಾಗಾದ್ರೆ ಕಾವಲಿನವನು ಇವತ್ತು ಚೆನ್ನಾಗಿ ಉಣ್ತಾನೆ." ಅಜ್ಜನ ಕೈಮುಟ್ಟಿ ಕಣ್ಣಿಗೊತ್ತಿಕೊಂಡ. "ಅಜ್ಜ, ನನ್ನಿಂದ ನಿನಗೆ ಇಷ್ಟು ದೂರ ನಡೆಯೋ ಹಾಗಾಯ್ತು."

"ನೀನು ಹುಟ್ಟಿದ ದಿನವೂ ನಡೆಸಿದ್ದೆ. ಸೂಲಗಿತ್ತಿ ಕರೆಯೋಕೆ."

ಒಬ್ಸಿಯೆ ಅದನ್ನು ಕೇಳಿ ಸಮಾಧಾನಪಟ್ಟುಕೊಂಡ. ಇದೇ ಮಾತು ಒಳಗೂ ಬಂದರೆ ಒಳ್ಳೆಯದು ಎಂದುಕೊಂಡ.

ವೆರ್ದಿಯೆ ಎದ್ದು ನಿಂತು ಅಜ್ಜನಿಗೆ ಕುರ್ಚಿ ಹಾಕಿಸಿದ. ಏಲಕ್ಕಿ ಹಾಕಿದ ಚಹಾ ತರಿಸಿದ. ಅಜ್ಜ ಲೋಟದ ಬಿಸಿಯನ್ನು ಅಂಗೈಯಲ್ಲಿ ಹಿಡಿದು, "ಸಂಸ್ಕಾರ ಇರೋ ಮನುಷ್ಯ," ಎಂದ. ದುಭಾಷಿ ಅದನ್ನು ಫ್ರೆಂಚಿಗೆ ತಿರುಗಿಸಲಿಲ್ಲ.

ಪ್ರಮಾಣ ಆಯಿತು. ಅಜ್ಜ ಮೂರು ಮಾತು ಹೇಳಿದ. ಕಲಿಸಿದ ಹಾಗೆಯೇ, ಒಂದಕ್ಷರ ಆಚೀಚೆ ಇಲ್ಲ. ಸೂಲಗಿತ್ತಿಯ ಮಾತನ್ನೂ ಸೇರಿಸಿದ. ವೆರ್ದಿಯೆ ಬರೆದುಕೊಂಡ. ವಂಶ ಕೇಳಿದಾಗ ಅಜ್ಜ ಬೆನ್ನು ನೆಟ್ಟಗೆ ಮಾಡಿ ಬೊಗೊರೆಯಿಂದ ಹಿಡಿದು ಮೇಲಕ್ಕೆ ಹತ್ತಿದ. ಬರೀ ಹೆಸರು. ಒಂದೊಂದು ಹೆಸರಿನ ಕೊನೆಗೂ ಒಂದು ಕ್ಷಣ ತಡೆಯುತ್ತಿದ್ದ. ಗೋರಿಯ ಹೆಸರು ನಾಲಿಗೆಗೆ ಬಂದು ಹಿಂದೆ ಹೋಗುತ್ತಿತ್ತು. ಮೂಲಪುರುಷನ ತನಕ ಹೋಗಿ ನಿಂತ.

ವೆರ್ದಿಯೆ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಆಮೇಲೆ ದುಭಾಷಿಯ ಕಡೆ ನೋಡದೆ, ಸೊಮಾಲಿಯಲ್ಲಿ ಕೇಳಿದ:

"ಅಜ್ಜಾ, ನಿಮ್ಮ ಮೊಮ್ಮಗನ ಹೊಕ್ಕುಳಿಗೆ ಒಂಟೆ ಕಟ್ಟಿದ್ರೋ, ಇಲ್ಲ ಹಾಗೇ ಬಿಟ್ರೋ?"

ಒಳ್ಳೆಯ ಸೊಮಾಲಿ. ಗಡಿ ಸೀಮೆಯ ಕುರುಬರ ಎಳೆತವಿದ್ದ ಸೊಮಾಲಿ. ಮೂರು ದಿನದ ಜಗ್ಗಾಟದಲ್ಲಿ ಈ ಮನುಷ್ಯನ ಬಾಯಿಂದ ಅದರ ಒಂದು ಪದವೂ ಬಂದಿರಲಿಲ್ಲ. ಒಬ್ಸಿಯೆ ಮತ್ತು ಮಿಗಿಲ್ ಅವನ ಮುಂದೆಯೇ, ಅವನಿಗೆ ಅರ್ಥವಾಗುವುದಿಲ್ಲವೆಂದು, ಏನೇನು ಮಾತಾಡಿಕೊಂಡಿದ್ದರೋ ಅದೆಲ್ಲ ಒಮ್ಮೆಗೇ ಒಬ್ಸಿಯೆಯ ತಲೆಯಲ್ಲಿ ಹಾದುಹೋಯಿತು.

ಅವರಲ್ಲಿ ಗಂಡುಮಗುವಿನ ಹೊಕ್ಕುಳಬಳ್ಳಿ ಒಣಗಿ ಉದುರಿದ ಮೇಲೆ ತಂದೆಯ ಕಡೆಯವರು ಒಂದು ಹೆಣ್ಣೊಂಟೆಯನ್ನು ಅದರ ಹೆಸರಿಗೆ ಬಿಡುತ್ತಾರೆ. ಆ ಒಂಟೆಯ ಮಂದೆ ನೀರು ಕುಡಿಯುವ ಬಾವಿಯ ಪಕ್ಕದಲ್ಲೇ ಬಳ್ಳಿಯನ್ನು ಹೂಳುತ್ತಾರೆ. ಮಗು ಎಲ್ಲೇ ಹುಟ್ಟಿರಲಿ, ಬಳ್ಳಿ ಹೋಗಬೇಕಾದ್ದು ತಂದೆಯ ಬಾವಿಗೆ. ಹೊಕ್ಕುಳಿಗೆ ಒಂಟೆ ಇಲ್ಲದವನು ಎಂದರೆ ತಂದೆ ಒಪ್ಪಿಕೊಳ್ಳದ ಮಗು ಎಂದು. ಬೈಗುಳಗಳಲ್ಲಿ ಅದಕ್ಕಿಂತ ಕೆಟ್ಟದ್ದು ಕಡಿಮೆ.

ಅಜ್ಜ ಲೋಟ ಕೆಳಗಿಟ್ಟ.

"ಹಾಗೇ ಬಿಡೋಕೆ ಅವನೇನು ದಾರೀಲಿ ಬಿದ್ದು ಸಿಕ್ಕಿದ್ದಾ? ಬಿಳಿ ಒಂಟೆ. ಚೊಚ್ಚಲ ಈಯೋಕೆ ಬಂದಿದ್ದು. ನಾನೇ ಮೂಗುದಾರ ಹಿಡಿದು ತಂದೆ."

"ಅಜ್ಜ, ಚಹಾ ಆರುತ್ತೆ," ಎಂದ ಒಬ್ಸಿಯೆ.

"ಕುಡೀತೀನಿ ಇರೋ. ಮರ್ಯಾದಸ್ಥ ಮನುಷ್ಯ ಕೇಳ್ತಿದಾನೆ, ಮರ್ಯಾದೆಯಾಗಿ ಹೇಳಬೇಕು."

"ಒಳ್ಳೆ ಮನೆತನ," ಎಂದ ವೆರ್ದಿಯೆ. "ಎಲ್ಲಿ ಕಟ್ಟಿದ್ರಿ ಅದನ್ನ?"

"ಅಜ್ಜ—"

"ತೊಕೋಶಿ ಬಾವಿಲಿ. ಇನ್ನೆಲ್ಲಿ ಕಟ್ತಾರೆ? ಬಳ್ಳಿ ಹೂಳೋಕೆ ಗುಂಡಿ ತೋಡಿದ್ದು ಈ ಕೈ. ಆ ಒಂಟೆ ಸಂತತಿ ಈಗಲೂ ಅಲ್ಲೇ ನೀರು ಕುಡಿಯುತ್ತೆ. ಇವನು ಮೂಟೆ ಹೊರೋ ಬಡವ ಅಂತ ತಿಳ್ಕೋಬೇಡಿ ಸಾಹೇಬ್ರೆ. ಆಚೆ ಇವನ ಹೆಸರಲ್ಲಿ ಹನ್ನೊಂದು ಒಂಟೆ ಇವೆ."

ದುಭಾಷಿ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಬೊಗೊರೆ ನೆಲ ನೋಡುತ್ತಿದ್ದ. ಅಜ್ಜ ಲೋಟಕ್ಕಾಗಿ ಕೈಯಾಡಿಸಿದ. ವೆರ್ದಿಯೆಯೇ ಅದನ್ನು ಎತ್ತಿ ಅವನ ಕೈಗಿಟ್ಟ. ನಂತರ ಫ್ರೆಂಚಿಗೆ ಮರಳಿದ.

"ತೊಕೋಶಿ ಸೇಲಾದ ಹತ್ತಿರ. ಗಡಿಯಿಂದ ಆಚೆ. ಬರೆದುಕೊಳ್ಳುತ್ತೇನೆ."

"ಮಗು ಹುಟ್ಟಿದ್ದು ಇಲ್ಲಿ," ಎಂದ ಒಬ್ಸಿಯೆ. "ಬಳ್ಳಿ ಮಾತ್ರ ಅಲ್ಲಿಗೆ ಹೋಯಿತು. ಅದು ಪದ್ಧತಿ. ನಿಮಗೆ ಗೊತ್ತಿರುವ ಪದ್ಧತಿ."

"ಗೊತ್ತು. ನಾನು ಆ ಕಡೆಯ ಠಾಣೆಗಳಲ್ಲಿ ಒಂಬತ್ತು ವರ್ಷ ಇದ್ದೆ." ವೆರ್ದಿಯೆ ಬರೆಯುತ್ತಲೇ ಹೇಳಿದ. "ಸಾಕ್ಷಿ ಮಗು ಹುಟ್ಟಿದಾಗ ಈ ಊರಲ್ಲಿದ್ದೆ ಎನ್ನುತ್ತಾರೆ. ಬಳ್ಳಿ ಉದುರಿದಾಗ ತೊಕೋಶಿಯಲ್ಲಿ ಗುಂಡಿ ತೋಡುತ್ತಿದ್ದರು. ನಡುವೆ ಎರಡು ದಿನದ ನಡಿಗೆ. ಬಳ್ಳಿಯನ್ನಷ್ಟೇ ಹೊತ್ತು ಅಷ್ಟು ದೂರ ನಡೆದಿರಬಹುದು. ಮಗು ಅಲ್ಲೇ ಹುಟ್ಟಿ, ನಡೆಯುವ ಅಗತ್ಯವೇ ಬಂದಿಲ್ಲದೆಯೂ ಇರಬಹುದು. ಆಸ್ತಿ ಎಲ್ಲಿದೆ ಎಂಬುದು ಮಾತ್ರ ಸ್ಪಷ್ಟ."

"ಕಲಮಿನಲ್ಲಿ ಹುಟ್ಟಿದ ಜಾಗ ಎಂದಿದೆ. ಬಳ್ಳಿ ಹೂತ ಜಾಗ ಎಂದಿಲ್ಲ. ಆಸ್ತಿಯ ಮಾತಂತೂ ಇಲ್ಲವೇ ಇಲ್ಲ."

"ಕಲಮಿನಲ್ಲಿ ಹಿರಿಯನ ಮಾತೇ ಪುರಾವೆ ಎಂದಿದೆ. ಅದು ನಿಮ್ಮ ವಾಕ್ಯ, ನಾನು ಒಂದು ಪದ ಬದಲಿಸಿಲ್ಲ. ಯಾವ ಮಾತು ಪುರಾವೆ, ಯಾವ ಮಾತು ಅಲ್ಲ ಎಂದು ಅದರಲ್ಲಿಲ್ಲ."

ಒಬ್ಸಿಯೆಗೆ ಆಗ ಉಳಿದದ್ದು ಒಂದೇ ವಾದ. ಅವನ ಬಳ್ಳಿಯೂ ಅದೇ ತೊಕೋಶಿಯಲ್ಲಿ, ಅಣ್ಣನದರಿಂದ ನಾಲ್ಕು ಹೆಜ್ಜೆಯಾಚೆ, ಹೂತಿತ್ತು. ಅವನ ಹೆಸರಿಗೂ ಒಂಟೆಗಳಿದ್ದವು. ದವಾಖಾನೆಯಲ್ಲಿ ಹುಟ್ಟಿದ್ದಕ್ಕೆ ಚೀಟಿ ಇರುವವನ ಬಳ್ಳಿಯೂ ಅಲ್ಲಿಗೆ ಹೋಗಿದೆ ಎಂದರೆ, ಬಳ್ಳಿಯಿಂದ ಏನೂ ಸಿದ್ಧವಾಗುವುದಿಲ್ಲ ಎಂದಾಯಿತು. ಅಥವಾ ಅವನ ಚೀಟಿಯನ್ನೂ ಅನುಮಾನಿಸಿ ಅವನ ಕಾರ್ಡನ್ನೂ ಕಿತ್ತುಕೊಳ್ಳಲು ದಾರಿಯಾಯಿತು.

"ಸಾಹೇಬರೇ," ಎಂದ. "ನನ್ನದೂ—"

"ತಮ್ಮಾ." ಬೊಗೊರೆ ತಲೆಯೆತ್ತಿರಲಿಲ್ಲ. ಫ್ರೆಂಚ್ ಬಾರದಿದ್ದರೂ ತಮ್ಮ ಏನು ಹೇಳಹೊರಟನೆಂದು ಅವನಿಗೆ ಗೊತ್ತಾಗಿತ್ತು. "ಸಾಕು ಬಿಡು."

"ಅಣ್ಣ, ಇದನ್ನ ಹೇಳಿದ್ರೆ—"

"ನನ್ನ ಮಕ್ಕಳಿಗೆ ಊರಲ್ಲಿ ಯಾರಾದ್ರೂ ಒಬ್ಬ ಬೇಕಲ್ಲ."

ವೆರ್ದಿಯೆ ಇಬ್ಬರ ಮಾತನ್ನೂ ಕೇಳಿಸಿಕೊಂಡ. ಪೆನ್ನು ಕಾಗದದಿಂದ ಎತ್ತಿ ಹಿಡಿದು, ತಾಳ್ಮೆಯಿಂದ ಕೇಳಿದ: "ನಿಮ್ಮದೂ ಏನು?"

ಒಬ್ಸಿಯೆ ಅವನ ಮುಖ ನೋಡಿದ. ಅದರಲ್ಲಿ ಹಗೆ ಇರಲಿಲ್ಲ. ಲೆಕ್ಕ ತಾಳೆ ನೋಡುವವನ ಮುಖ. ತಾನು ಮೂಟೆ ಎಣಿಸುವಾಗಲೂ ಹೀಗೇ ಕಾಣುತ್ತಿರಬಹುದು.

"ಏನಿಲ್ಲ," ಎಂದ.

ಮಧ್ಯಾಹ್ನದ ಹೊತ್ತಿಗೆ ಅಂದಿನ ಪಟ್ಟಿ ಮುಗಿಯಿತು. ಹದಿನಾಲ್ಕು ಜನಕ್ಕೆ ಕಾರ್ಡು ಮಂಜೂರು. ಒಂಬತ್ತು ಜನಕ್ಕೆ ಇಲ್ಲ. ಬೊಗೊರೆಯ ಹೆಸರು ಎರಡನೆಯ ಗುಂಪಿನಲ್ಲಿ ಐದನೆಯದು. ವೆರ್ದಿಯೆ ಕಾಗದವನ್ನು ತಿರುಗಿಸಿ ಒಬ್ಸಿಯೆಯ ಮುಂದಿಟ್ಟ.

"ಎರಡಕ್ಕೂ ಸೇರಿ ಒಂದೇ ಸಹಿ," ಎಂದ. "ನೀವು ಕೇಳಿದ ಷರತ್ತು."

"ಹಾಕದಿದ್ದರೆ?"

"ಪಟ್ಟಿ ನಿಲ್ಲುವುದಿಲ್ಲ. ಇಪ್ಪತ್ತಮೂರು ಜನವೂ ಕಾಗದ ಇಲ್ಲದವರೇ ಆಗುತ್ತಾರೆ. ಲಾರಿ ನಾಲ್ಕು ಗಂಟೆಗೆ."

ಮಂಜೂರಾದ ಹದಿನಾಲ್ಕು ಜನ ಬಾಗಿಲ ಬಳಿ ನಿಂತಿದ್ದರು. ಒಬ್ಬ ಮುದುಕ ಆಗಲೇ ಒಬ್ಸಿಯೆಗೆ ಕೈಯೆತ್ತಿ ಹರಸುತ್ತಿದ್ದ. ಅವರಲ್ಲಿ ಇಬ್ಬರು ಬೊಗೊರೆಯ ಜೊತೆಗೆ ಮೂಟೆ ಹೊತ್ತವರು. ಅವರು ಈ ಕಡೆ ನೋಡುತ್ತಿರಲಿಲ್ಲ. ಬೊಗೊರೆಯ ಸರದಿ ಮುಗಿದ ಮೇಲೆ ಅವರ ಹಿರಿಯರನ್ನೂ ವೆರ್ದಿಯೆ ಒಂಟೆಯ ಪ್ರಶ್ನೆ ಕೇಳಿದ್ದ. ಅವರ ತಂದೆಯರ ಬಾವಿಗಳು ಗಡಿಯಿಂದ ಈಚೆಗಿದ್ದವು. ಅಷ್ಟೇ ವ್ಯತ್ಯಾಸ.

ಒಬ್ಸಿಯೆ ಪೆನ್ನು ಹಿಡಿದುಕೊಂಡು ಅಣ್ಣನತ್ತ ತಿರುಗಿದ.

"ಹಾಕು," ಎಂದ ಬೊಗೊರೆ. "ಬೇಗ ಹಾಕು. ಕಾವಲಿನವನು ಸಾರಿನ ಪಾತ್ರೆ ಪೂರ್ತಿ ಖಾಲಿ ಮಾಡೋಕೆ ಮುಂಚೆ."

ಒಬ್ಸಿಯೆ ಸಹಿ ಹಾಕಿದ. ಲೆಕ್ಕದ ಗುಮಾಸ್ತನ ಸಹಿ, ಓರೆಯಿಲ್ಲದ್ದು.

ವಾಪಸ್ಸು ಬರುವಾಗ ಅಜ್ಜ ಅವನ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದ. ಅಲ್ಲಿ ಏನಾಯಿತೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಅಧಿಕಾರಿಯ ಜೊತೆಗಿನ ಕೊನೆಯ ಮಾತುಕತೆಯೆಲ್ಲ ಫ್ರೆಂಚಿನಲ್ಲಿ ನಡೆದಿತ್ತು, ಸಹಿಯ ಹೊತ್ತಿಗೆ ಅವನನ್ನು ಹೊರಗೆ ನೆರಳಿಗೆ ಕೂರಿಸಿದ್ದರು.

"ಬೊಗೊರೆ ಯಾವಾಗ ಮನೆಗೆ ಬರ್ತಾನೆ?"

"ಸ್ವಲ್ಪ ದಿನ ಆಗುತ್ತೆ ಅಜ್ಜ."

"ಗೋರಿ ಹೆಸರು ಒಂದೂ ಎತ್ತಲಿಲ್ಲ ನೋಡಿದ್ಯಾ? ಎಷ್ಟು ಕಷ್ಟ ಆಯ್ತು ಅಂತೀಯ. ಕೊನೇಲಿ ಆ ಫ್ರೆಂಚಪ್ಪ ಒಂಟೆ ವಿಷಯ ಕೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಮ್ಮ ಹುಡುಗನ್ನ ದಿಕ್ಕಿಲ್ಲದವನು ಅಂದ್ಕೊಂಡಿರೋನು." ಅಜ್ಜ ಅವನ ಭುಜ ಅಲುಗಿಸಿದ. "ಚೆನ್ನಾಗಿ ಹೇಳಿದ್ನಾ?"

"ಚೆನ್ನಾಗಿ ಹೇಳಿದೆ ಅಜ್ಜ."

ಅಜ್ಜನನ್ನು ಮನೆಗೆ ಬಿಟ್ಟು ಒಬ್ಸಿಯೆ ಅತ್ತಿಗೆಯ ಮನೆಗೆ ಹೋದ. ಅನಬ್ ಅವನ ಮುಖ ನೋಡಿದಳು. ಒಳಗೆ ಹೋಗಿ ಗಂಡನ ಹೊದಿಕೆ, ಒಂದು ಚೀಲ ಖರ್ಜೂರ ತಂದು ಅವನ ಕೈಗೆ ಕೊಟ್ಟಳು.

"ಓಡು," ಎಂದಳು. "ನಾಲ್ಕಕ್ಕೆ ಲಾರಿ ಅಂತ ಕೇರಿಗೆಲ್ಲ ಗೊತ್ತು. ಸಹಿ ಹಾಕಿದೋನು ನೀನು ಅನ್ನೋದೂ ಗೊತ್ತು."

ಅವನು ಓಡಿದ. ಲಾರಿ ಐದು ನಿಮಿಷ ಮೊದಲೇ ಹೊರಟಿತ್ತು.

ಮುಂದಿನ ವಾರ ಕೇರಿಯ ಹಿರಿಯರಿಗೆಲ್ಲ ಮಿಗಿಲ್ ಹೇಳಿ ಕಳಿಸಿದ: ಒಂಟೆ ಕಟ್ಟಲಿಲ್ಲ ಅನ್ನಿ. ಕೆಲವರು ಹಾಗೇ ಹೇಳಿದರು. ತಮ್ಮ ಮೊಮ್ಮಕ್ಕಳ ಎದುರಿಗೇ, ಪ್ರಮಾಣ ಮಾಡಿ, ಇವನ ಹೊಕ್ಕುಳಿಗೆ ಒಂಟೆ ಇಲ್ಲ ಎಂದರು. ಹೇಳಲಾರದವರು ಸಾಕ್ಷಿಗೇ ಬರಲಿಲ್ಲ. ಮೇ ಕೊನೆಯಲ್ಲಿ ಕಚೇರಿ ನಾಲ್ಕನೇ ಕಲಮನ್ನು ರದ್ದು ಮಾಡಿತು. ಹಿರಿಯರ ಹೇಳಿಕೆಗಳು ನಂಬಲು ಯೋಗ್ಯವಾಗಿ ಕಂಡುಬಂದಿಲ್ಲ ಎಂದು ಕಾರಣ ಬರೆದಿತ್ತು.

ಆಚೆ ದೇಶದ ಕಾವಲಿನವರು ಬೊಗೊರೆಯನ್ನು ಒಳಗೆ ಬಿಟ್ಟುಕೊಳ್ಳಲು ಏಳು ವಾರ ತೆಗೆದುಕೊಂಡರು. ಅಲ್ಲಿಯತನಕ ಅವನು ಲೋಯಾದದ ಎರಡು ಠಾಣೆಗಳ ನಡುವಿನ ಮರಳಿನಲ್ಲಿ ಇತರರೊಂದಿಗೆ ಇದ್ದ. ಜೂನ್ ಎರಡನೆಯ ವಾರ ಅನಬ್ ಮಕ್ಕಳನ್ನು ಕರೆದುಕೊಂಡು ಅವನನ್ನು ಸೇರಲು ಹೋದಳು. ಬೇಲಿಯ ಬಾಗಿಲಲ್ಲಿ ಅವಳ ಕಾರ್ಡನ್ನು ತೆಗೆದುಕೊಂಡು ರಶೀದಿ ಕೊಟ್ಟರು.